ಗೊಂಬೆಗೆ ಪ್ರವೇಶ, ಮಗುವಿಗೆ ನಿಷೇಧ

ಮಾನ್ಯ ತರಬೇತಿ ನಿರ್ದೇಶಕರೇ,

ನಮ್ಮ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯು ಕ್ಷೇತ್ರ ಸಿಬ್ಬಂದಿಗಾಗಿ ನಡೆಸಿದ ಲಿಂಗತ್ವ ವಿಶ್ಲೇಷಣೆ ತರಬೇತಿಯಿಂದ ನನ್ನನ್ನು ಹೊರಗಿಟ್ಟಿರಿ. ಹೆಂಗಸೆಂಬ ಕಾರಣಕ್ಕೆ ಎಂದು ನೀವು ಹೇಳಲಿಲ್ಲ, ಅಷ್ಟು ಒರಟು ಮಾತು ನಿಮ್ಮ ಬಾಯಲ್ಲಿ ಬರುವುದಿಲ್ಲ. ನನಗೆ ಹಾಲು ಕುಡಿಯುವ ಮಗುವಿದೆ ಎಂದಿರಿ. ಈಗ, ಆ ತರಬೇತಿಯ ಪ್ರಮಾಣಪತ್ರ ಇಲ್ಲದವರು ಲಿಂಗತ್ವ ಸಲಹೆಗಾರರ ಹುದ್ದೆಗೆ ಅರ್ಜಿ ಹಾಕುವಂತಿಲ್ಲ ಎಂದು ಸುತ್ತೋಲೆ ಬಂದಿದೆ. ನಮ್ಮ ಯೋಜನೆ ಈ ವರ್ಷ ಮುಗಿಯುತ್ತದೆ. ಆ ಹುದ್ದೆ ಸಿಗದಿದ್ದರೆ ನನಗೆ ಕೆಲಸವಿಲ್ಲ.

ಇದು ಬಹಿರಂಗ ಪತ್ರ, ಹಾಗಾಗಿ ಇದನ್ನು ಓದುವ ಹೊರಗಿನವರಿಗೆ ಒಂದು ಮಾತು. ಒಂದು ಊರಿಗೆ ನೀರಿನ ಕೊಳವೆ ಹಾಕುವ ಮೊದಲು, ಅಲ್ಲಿ ನೀರು ತರುವವರು ಯಾರು, ನಲ್ಲಿ ಎಲ್ಲಿರಬೇಕೆಂದು ತೀರ್ಮಾನಿಸುವವರು ಯಾರು, ಸಭೆ ಕರೆದ ಹೊತ್ತಿಗೆ ಮನೆ ಬಿಟ್ಟು ಬರಲು ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಕೇಳಿ ತಿಳಿಯುವುದೇ ಲಿಂಗತ್ವ ವಿಶ್ಲೇಷಣೆ. ಒಳ್ಳೆಯ ವಿದ್ಯೆ. ಅದನ್ನು ಕಲಿಸಲು ನೀವು ಆರಿಸಿದ್ದು ಊರಾಚೆಯ ಒಂದು ಹೋಟೆಲು. ವಾರವಿಡೀ ಅಲ್ಲೇ ವಾಸ, ಮಕ್ಕಳಿಗೆ ಪ್ರವೇಶವಿಲ್ಲ. ಆಹಾ, ಎಂಥ ಮುಂದಾಲೋಚನೆ!

ಫೋನ್ ಮಾಡಿ ಅಂಗಲಾಚಿದೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಗುವನ್ನು ನೋಡಿಕೊಳ್ಳುತ್ತಾರೆ, ಬಾಡಿಗೆ ನಾನೇ ಕೊಡುತ್ತೇನೆ ಎಂದೆ. "ಮಕ್ಕಳಿದ್ರೆ ತರಬೇತಿಯ ಗಾಂಭೀರ್ಯ ಹಾಳಾಗುತ್ತೆ ಮೇಡಂ," ಎಂದರು ನಿಮ್ಮ ಕಚೇರಿಯವರು. "ಮುಂದಿನ ಸಲ ಬನ್ನಿ. ಅಷ್ಟರಲ್ಲಿ ಮಗು ದೊಡ್ಡದಾಗಿರುತ್ತಲ್ವಾ?" ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಅತ್ತೆ, "ಮಗು ಇರೋರ ಕಷ್ಟ ಕಲಿಸ್ತಾರಂತೆ, ಮಗು ಇರೋರು ಮಾತ್ರ ಬರಬಾರದಂತೆ. ಇದೆಂಥ ಪಾಠಾನೋ ತಾಯಿ!" ಎಂದು ಹಣೆ ಚಚ್ಚಿಕೊಂಡರು. ಮದುವೆಯಾದ ಮೇಲೆ ಅತ್ತೆಗೂ ನನಗೂ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು. ಅದಕ್ಕಾಗಿ ನಿಮಗೆ ಕೃತಜ್ಞತೆಗಳು.

ನನ್ನ ಬದಲು ನಮ್ಮ ಕಚೇರಿಯ ಕಿರಿಯ ಇಂಜಿನಿಯರನ್ನು ಕರೆಸಿಕೊಂಡಿರಿ. ಸಜ್ಜನ, ನನ್ನನ್ನು ಅಕ್ಕಾ ಎನ್ನುವವನು. ಕೋಣೆ ತುಂಬ ಗಂಡಸರೇ ಇದ್ದರಂತೆ. ಅಣಕು ಗ್ರಾಮಸಭೆ ನಡೆಸುವಾಗ ಹೆಂಗಸರ ಪಾತ್ರಕ್ಕೆ ಜನ ಸಿಗದೆ, ಇವನ ಕೊರಳಿಗೆ 'ಹಾಲೂಡಿಸುವ ತಾಯಿ' ಎಂಬ ಫಲಕ ತೂಗುಹಾಕಿ, ಕೈಗೊಂದು ಗೊಂಬೆ ಕೊಟ್ಟರಂತೆ. ಸಂಸ್ಥೆಯ ಖರ್ಚಿನಲ್ಲಿ ತಂದ ಗೊಂಬೆ! ಅಂದರೆ ನಿಮ್ಮ ಸಭಾಂಗಣದಲ್ಲಿ ಮಗುವಿಗೆ ಜಾಗವಿತ್ತು. ಅಳದ, ಹಸಿವಾಗದ ಮಗುವಾಗಿರಬೇಕಿತ್ತು, ಅಷ್ಟೇ.

"ಅಕ್ಕಾ, ನಿಮ್ಮ ಕಷ್ಟ ಈಗ ಚೆನ್ನಾಗಿ ಅರ್ಥ ಆಯ್ತು," ಎಂದ, ಬಂದವನೇ.

"ಚಹಾ ಕುಡಿಯುವಾಗ ಮಗು ಎಲ್ಲಿತ್ತಪ್ಪಾ?"

ತಲೆ ಕೆರೆದುಕೊಂಡ. "ಮೇಜಿನ ಕೆಳಗೆ ಇಟ್ಟಿದ್ದೆ. ಆಮೇಲೆ ಮರ್ತೇಬಿಟ್ಟೆ ಅಕ್ಕಾ."

ನಕ್ಕುಬಿಟ್ಟೆ. ಅವನೂ ನಕ್ಕ. ಮಗುವನ್ನು ಮೇಜಿನ ಕೆಳಗೆ ಮರೆತವನಿಗೆ ಪ್ರಮಾಣಪತ್ರ ಬಂದಿದೆ, ಸಂದರ್ಶನದ ಕರೆಯೂ ಬಂದಿದೆ. ಮನೆಗೆ ಬಂದು ಮಗಳನ್ನು ಮಡಿಲಿಗೆ ಹಾಕಿಕೊಂಡಾಗ ಮಾತ್ರ ಅಳು ತಡೆಯಲಾಗಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲಿದೆ, ಮೈಯೆಲ್ಲ ಉರಿಯುವಷ್ಟಿದೆ.

ನಿಮ್ಮ ತರಬೇತಿಗೆ ಯಾರು ಬಂದರು, ಯಾರಿಗೆ ಬರಲಾಗಲಿಲ್ಲ, ಆ ನಿಯಮ ಮಾಡಿದವರು ಯಾರು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಊರೂರು ಅಲೆದು ಬಡವರ ಮನೆಯಂಗಳದಲ್ಲಿ ಕೇಳುವ ಪ್ರಶ್ನೆಯನ್ನು ನಿಮ್ಮ ಕಚೇರಿಯಲ್ಲಿ ಕೇಳಿದರೆ ಅಪಚಾರವೇ?

ಸಂದರ್ಶನವನ್ನು ಮುಂದೂಡಿ. ಅದಕ್ಕೂ ಮೊದಲು, ಹೊರಗುಳಿದ ನಮ್ಮಂಥವರಿಗೆ ಇದೇ ತರಬೇತಿಯನ್ನು ನಮ್ಮ ಕ್ಷೇತ್ರ ಕಚೇರಿಯಲ್ಲೇ, ಹಗಲು ಹೊತ್ತು, ಮಕ್ಕಳಿಗೊಂದು ಕೋಣೆ ಬಿಟ್ಟುಕೊಟ್ಟು ನಡೆಸಿ. ಆಗದಿದ್ದರೆ ಏಕೆ ಆಗದೆಂದು ಬರೆದು ತಿಳಿಸಿ. ಉತ್ತರ ಬರದಿದ್ದರೆ, ಸಂದರ್ಶನದ ದಿನ ಕರೆಯದಿದ್ದರೂ ಬರುತ್ತೇನೆ, ಮಗಳನ್ನು ಎತ್ತಿಕೊಂಡೇ ಬರುತ್ತೇನೆ. ಅವಳಿಗೆ ಹಸಿವಾದಾಗ ನಿಮ್ಮೆದುರಿನ ಕುರ್ಚಿಯಲ್ಲೇ ಕುಳಿತು ಹಾಲೂಡಿಸುತ್ತೇನೆ. ನೀವು ಪ್ರಶ್ನೆ ಕೇಳುತ್ತಾ ಹೋಗಿ, ನಾನು ಉತ್ತರ ಕೊಡುತ್ತೇನೆ.

ಇಂತಿ,
ಪ್ರಮಾಣಪತ್ರವಿಲ್ಲದ್ದರಿಂದ ಹೆಣ್ಣುಮಕ್ಕಳ ಕಷ್ಟ ತಿಳಿಯದವಳೆಂದು ನೀವು ತೀರ್ಮಾನಿಸಿರುವ,
ನಿಮ್ಮದೇ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆ