ಮಗುವಿನ ಕತ್ತಿನ ಗಂಟು

ಹೆಮ್ಮಿಗೆ
೧೪ ಜುಲೈ ೨೦೨೫

ಅತ್ತೆಗೆ ಸೊಸೆ ಅರ್ಪಿತ ಮಾಡುವ ನಮಸ್ಕಾರ.

ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತಲಿಲ್ಲ. ಅದಕ್ಕೇ ಬರೆದು ನಿಮ್ಮ ಮಗನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಕೋಪ ಇದ್ದರೆ ಇರಲಿ, ಓದಿ ಮುಗಿಸುವ ತನಕ ಹರಿದುಹಾಕಬೇಡಿ.

ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕತ್ತಿನ ಬಲಗಡೆ ಗಂಟು ಮೊದಲು ಕಂಡದ್ದು ನಿಮಗೇ. ಕಂಡವರು ಸುಮ್ಮನಿದ್ದಿರಾ? ನೆಂಟರಿಷ್ಟರ ಮುಂದೆಯೇ, "ಮನಿಕ್ಕಂಡು ಆಲು ಕುಡಿಸವ್ಳೆ ಕಣ್ರೀ, ಅದೇ ಕತ್ತಲ್ಲಿ ಕಟ್ಕಂಡದೆ" ಎಂದಿರಿ. ನಮ್ಮವ್ವನೇನು ಕಡಿಮೆಯೇ? "ತೊಟ್ಟಿಲ್ ಕೆಳ್ಗಿಂದ ದಾಟಿಸ್ವಾಗ ನಿಮ್ ಕೈಲೇ ಉಳುಕ್ತು" ಎಂದಳು. ನೀವು ಎಲೆ ಬಿಟ್ಟೆದ್ದು ವಾಪಸ್ ಸುತ್ತೂರಿನ ಮನೆಗೆ ಹೊರಟೇಬಿಟ್ಟಿರಿ. ಆಮೇಲೆ ಅವ್ವ ದಿನಾ ಹರಳೆಣ್ಣೆ ಹಾಕಿ ಗಂಟು ತಿಕ್ಕಿದಳು. ಒಂಚೂರೂ ಕರಗಲಿಲ್ಲ.

ಯಾರೋ ಕ್ಯಾನ್ಸರ್ ಇರಬಹುದು ಎಂದರು. ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನರಸೀಪುರದ ಮಕ್ಕಳ ಡಾಕ್ಟರ್ ಭಾನುಪ್ರಿಯಾ ಅವರ ಹತ್ತಿರ ಓಡಿದೆವು. ಕೋಣೆ ಕತ್ತಲು ಮಾಡಿ ಗಂಟಿಗೆ ಟಾರ್ಚ್ ಹಿಡಿದರು. ನೀರು ತುಂಬಿದ್ದರೆ ಬೆಳಕು ಹಾಯುತ್ತದಂತೆ, ಹಾಯಲಿಲ್ಲ. ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ಬರುವವರೆಗೆ ನಂಜುಂಡೇಶ್ವರನಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ.

ಕ್ಯಾನ್ಸರ್ ಅಲ್ಲ ಅತ್ತೆ! ಕತ್ತಿನ ಸ್ನಾಯು ಬಿಗಿದು ಗಂಟಾಗಿದೆಯಂತೆ. ಹೊಟ್ಟೆಯಲ್ಲೋ ಹೆರಿಗೆಯಲ್ಲೋ ಆದದ್ದು. ಹಾಲಿನಿಂದಲೂ ಅಲ್ಲ, ನಿಮ್ಮ ಕೈಯಿಂದಲೂ ಅಲ್ಲ. ತಿಕ್ಕಲೇಬಾರದು ಎಂದರು. ದಿನಕ್ಕೆ ಹಲವು ಸಲ ಒಬ್ಬರು ಮಗುವಿನ ಭುಜ ಹಿಡಿದು, ಇನ್ನೊಬ್ಬರು ತಲೆಯನ್ನು ಮೆಲ್ಲಗೆ ತಿರುಗಿಸಿ ಹಿಡಿಯಬೇಕು. ಈಗಲೇ ಮಾಡಿದರೆ ಸರಿಹೋಗುತ್ತದೆ. ಬಿಟ್ಟರೆ ಕತ್ತು ವಾಲಿಯೇ ನಿಲ್ಲಬಹುದು, ಆಮೇಲೆ ಆಪರೇಷನ್ ಬೇಕಾಗಬಹುದು.

ಮುಟ್ಟಿದರೆ ಸಾಕು, ಮಗು ಕಿರುಚುತ್ತದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡುತ್ತಾಳೆ. ನಿಮ್ಮ ಮಗನೋ, ಸೂಜಿ ಕಂಡರೇ ಕಣ್ಣು ಕತ್ತಲೆ ಬರುವ ಪುಣ್ಯಾತ್ಮರು. ಒದೆಯುವ ಕರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವ ಕೈ ನಿಮ್ಮದು. ಗಟ್ಟಿಯಾಗಿ ಹಿಡಿದರೂ ನೋಯಿಸುವುದಿಲ್ಲ. ನಾನು ಹೇಗೋ ನಡೆಸಿಕೊಂಡು ಹೋಗುತ್ತಿದ್ದೇನೆ, ಆದರೂ ನೀವು ಬಂದರೆ ಒಳ್ಳೆಯದು. ಅವ್ವನ ಮೇಲಿನ ಸಿಟ್ಟನ್ನು ಬೇಕಾದರೆ ಇಲ್ಲಿಗೇ ಬಂದು ತೀರಿಸಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ.

ನಿಮ್ಮ ಬಾಯಿಬಡುಕಿ ಸೊಸೆ,
ಅರ್ಪಿತ

ಇನ್ನೊಂದು ಮಾತು: ನಡೆಸಿಕೊಂಡು ಹೋಗುತ್ತಿದ್ದೇನೆ ಎಂದದ್ದು ಸುಳ್ಳು. ಡಾಕ್ಟರ್ ಹೇಳಿ ವಾರವಾಯಿತು, ಒಂದು ಸಲವೂ ಪೂರ್ತಿ ಮಾಡಿಲ್ಲ. ಮಗು ಅತ್ತ ಕೂಡಲೇ ನನ್ನ ಕೈ ಬಿಟ್ಟುಹೋಗುತ್ತದೆ. ನನ್ನನ್ನು ಎಷ್ಟಾದರೂ ಬೈಯಿರಿ ಅತ್ತೆ, ನಾಳೆ ಮೊದಲ ಬಸ್ಸಿಗೇ ಬನ್ನಿ.