ಹೊಳೆಗೆ ಬೆನ್ನು

೧೯೪೦ ಮೇ ೧೪, ಅಫಜಲಪುರ
ಇವತ್ತೂ ಭೀಮೆಯ ಗಡ್ಡಿಗೆ. ಹಳೆಯ ನಕಾಶೆಯಲ್ಲಿ ಈ ನಡುಗಡ್ಡೆ ಬರೀ ಒಂದು ಚುಕ್ಕೆ, ದೋಣಿ ದಾರಿಯ ಗೆರೆಯೇ ಇಲ್ಲ. ಕೆಳತುದಿಯಲ್ಲಿ ಒಂಬತ್ತು ಮನೆಗಳಿವೆ. ಹೊಸ ನಕಾಶೆಗೆ ಗಡ್ಡಿಯ ಎರಡೂ ಬದಿಯ ಕವಲಿನ ಆಳ ಅಳೆಯಬೇಕಿತ್ತು. ಹಾಳು ಬಿಸಿಲು, ತಲೆಸುತ್ತು. ಹುಣಸೆಮರದ ಕೆಳಗೆ ಒರಗಿಬಿಟ್ಟೆ. ಹರಿಗೋಲಿನ ಸೈದಪ್ಪನೇ ಗಳ ಹಾಕಿ ಸುತ್ತಿ ಬಂದ.
"ಬಲಕ ನೀರಾಗ ಕಲ್ಲ ಅದಾವ್ರಿ. ಎಡಕ ಆಳ ಅದ. ಎಡಕ ಹೋಗಬೇಕ್ರಿ."
ಬರೆದುಕೊಂಡೆ.

ಜೂನ್ ೨
ನಕಾಶೆ ಮುಗಿಯಿತು. ನಮ್ಮ ಪದ್ಧತಿಯಂತೆ — ನೀರು ಹರಿಯುವ ಕಡೆ ಮುಖಮಾಡಿ ಎಡ, ಬಲ. ಎಡಗವಲಿಗೆ ದೋಣಿ ದಾರಿ ಎಳೆದೆ. ಕೆಳಗೆ 'ಖುದ್ದು ಅಳೆದದ್ದು' ಎಂದು ಸಹಿ. ಎಲ್ಲರೂ ಹಾಗೇ ಬರೆಯುತ್ತಾರೆ. ಸರ್ವೆ ಸಾಹೇಬರು ಅಕ್ಷರ ಮೆಚ್ಚಿದರು.

ಆಗಸ್ಟ್ ೨೦, ಮಧ್ಯಾಹ್ನ, ಗಡ್ಡಿಗಿಂತ ಮೇಲಿನ ದೋಣಿಘಾಟು
ಆರು ದಿನದಿಂದ ಮಳೆ. ಗಡ್ಡಿ ಅರ್ಧ ಮುಳುಗಿದೆ. ಹರಿಗೋಲು ಕೊಚ್ಚಿಹೋಗಿ ಸೈದಪ್ಪನೂ ಅಲ್ಲೇ ಸಿಕ್ಕಿಬಿದ್ದಿದ್ದಾನೆ. ಅವರನ್ನೆಲ್ಲ ಕರೆತರಲು ನಾಳೆ ಇಲ್ಲಿಂದ ದೊಡ್ಡ ದೋಣಿ ಇಳಿಯುತ್ತದೆ. ಅಂಬಿಗರು ಹೊರಗಿನವರು. ನನ್ನ ನಕಾಶೆ ನೋಡಿಯೇ ಹೋಗಬೇಕು. ಹೆಮ್ಮೆ ಅನಿಸಿತ್ತು, ಸುಳ್ಳೇಕೆ...
ಸೈದಪ್ಪನ ಹೆಂಡತಿ ಹಣಮವ್ವ ದಂಡೆಯಲ್ಲಿ ಕೂತಿದ್ದಳು. ಧೈರ್ಯ ಹೇಳೋಣವೆಂದು ದೋಣಿ ಹೋಗಲಿರುವ ಎಡಗವಲಿನ ಕಡೆ ಕೈ ತೋರಿಸಿದೆ. ಗಾಬರಿಯಾದಳು.
"ಕಲ್ಲ ಅಲ್ಲೇ ಇರೋದ್ರಿ. ನಮ್ಮ ಮನಿಯವ್ರು ಹೊಳಿಗಿ ಬೆನ್ನ ಕೊಡಂಗಿಲ್ಲ. ನೀರ ಬರೋ ಕಡಿ ಮಾರಿ ಮಾಡೇ ಎಡಾ ಬಲಾ ಹೇಳ್ತಾರ."
ನಕಾಶೆ ಬಿಚ್ಚಿ ನೋಡಿದೆ. ಅವನ ಎಡ ನನ್ನ ಬಲ.

ಸಂಜೆ ೫
ಸಾಹೇಬರಿಗೆ ಹಣಮವ್ವನ ಮಾತು ಹೇಳಿದೆ. ನನ್ನ ಸಹಿಯ ಮೇಲೆ ಬೆರಳಿಟ್ಟರು.
"ಅಣ್ಣಾರಾಯ, ಖುದ್ದು ಅಳದೀರಿಲ್ಲೊ?"
"ಹೌದ್ರಿ."
"ಮತ್ತ ಆಕಿ ಮಾತ ಯಾಕ ಕೇಳ್ತೀರಿ?"
ನಿಜ ಹೇಳದೆ ಡೇರೆಗೆ ಬಂದೆ. ನೌಕರಿಯ ಹೆದರಿಕೆ. ಥೂ, ನನ್ನ ಜನ್ಮಕ್ಕಿಷ್ಟು.

ಆಗಸ್ಟ್ ೨೧, ಬೆಳಿಗ್ಗೆ ೬
ಡೇರೆಯಿಂದ ಕಾಣುತ್ತಿದೆ — ದೋಣಿಯ ಹಗ್ಗ ಬಿಚ್ಚುತ್ತಿದ್ದಾರೆ. ಹಣಮವ್ವ ಅಂಬಿಗರ ಕಾಲು ಹಿಡಿದಿದ್ದಾಳೆ. ಯಾರೂ ಕೇಳುತ್ತಿಲ್ಲ. ನಾನು ಹೇಳಿದರೆ ಕೇಳುತ್ತಾರೆ. ಹೇಳುತ್ತೇನೆ. ಅಳೆದಿಲ್ಲ, ಮರದ ಕೆಳಗೆ ಮಲಗಿದ್ದೆ, ಸಹಿ ಸುಳ್ಳು. ನೌಕರಿ ಹೋದರೆ ಹೋಗಲಿ. ದೋಣಿಯ ಮುಂದಿನ ತುದಿಯಲ್ಲಿ ಗಳ ಹಿಡಿದು ನಾನೇ ಕೂರುತ್ತೇನೆ. ಬಲಗವಲು. ಈ ಸಲ ಖುದ್ದು—