ಹಿಮ್ಮಡಿಯ ಗಂಟು

ಸಿಂಧನೂರು
12 ಆಗಸ್ಟ್ 2025, ಮಂಗಳವಾರ

ಶ್ರೀಮಾನ್ ಹುಲಿಗೇಶ ಅವರಿಗೆ,

ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿಯೇ ಇರುವ ಸುರೇಖಾಳ ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡುವವಳು ನಾನು, ನಿಮ್ಮ ಕ್ಷೇಮ ಎಷ್ಟೆಂಬುದು ನಿಮಗಿಂತ ನನಗೇ ಹೆಚ್ಚು ಗೊತ್ತು. ಫೋನ್ ಮಾಡಿದರೆ ನಿಮ್ಮ ತಾಯಿ ಎತ್ತುತ್ತಾರೆ. ನಲವತ್ತು ವರ್ಷದ ಗಂಡಸಿನ ಫೋನು! ಅದಕ್ಕೇ ಈ ಪತ್ರವನ್ನು ಮಸ್ಕಿಯ ನಿಮ್ಮ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಮೊನ್ನೆ ಭಾನುವಾರ ನಂದಿನಿ ನಿಮ್ಮಲ್ಲಿಂದ ವಾಪಸು ಬಂದಾಗ ಅವಳ ಚೀಲದಲ್ಲಿ ಮಾತ್ರೆಯ ಡಬ್ಬಿ ಇರಲಿಲ್ಲ. ಅಯ್ಯಮ್ಮತ್ತೆ ಅದನ್ನು ಚರಂಡಿಗೆ ಎಸೆದರಂತೆ. "ಹನ್ನೆರಡ ವರ್ಷದ ಹುಡುಗಿಗೆ ಹಾರ್ಟಿನ ಗುಳಿಗಿ ನುಂಗಸಾಕತ್ತಾಳ, ನಿಮ್ಮವ್ವಗ ತಲಿ ಕೆಟ್ಟೈತಿ. ನಾಳಿ ನಿನ್ನ ಯಾರ ಲಗ್ನ ಆಗ್ತಾರ?" ಎಂದರಂತೆ. ನೀವು ಪಕ್ಕದಲ್ಲೇ ಕುಳಿತು ಟೀವಿ ನೋಡುತ್ತಿದ್ದಿರಂತೆ. ನಂಬಿದೆ. ನಿಮಗೆ ಬರುವ ಕೆಲಸ ಅದೊಂದೇ.

ನಮ್ಮ ಮದುವೆಯ ಮಾತುಕತೆ ನೆನಪಿದೆಯೇ? ತುಂಬಿದ ಪಡಸಾಲೆಯಲ್ಲಿ ಅತ್ತೆ ನಿಮ್ಮ ಪ್ಯಾಂಟು ಮೇಲೆತ್ತಿಸಿ ಹಿಮ್ಮಡಿಯ ಮೇಲಿನ ಗಂಟನ್ನು ನಮ್ಮಪ್ಪನಿಗೆ ತೋರಿಸಿದರು. "ಇದು ನಮ್ಮ ಮನಿತನದ ಗುರುತು ನೋಡ್ರಿ. ಈ ಗಂಟು ಇದ್ದವ್ರು ಹತ್ತೂರು ನಡೆದ್ರೂ ದಣಿಯೂದಿಲ್ಲ." ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ನಮ್ಮಪ್ಪ ಬಗ್ಗಿ ನೋಡಿದರು. ನಿಮ್ಮಪ್ಪ ಪ್ರತಿ ವಾರ ಪಾಮನಕಲ್ಲೂರಿನಿಂದ ಮಸ್ಕಿಗೆ ನಡೆದೇ ಬರುತ್ತಿದ್ದರಂತೆ, ನಿಜವಿರಬಹುದು. ಸತ್ತಾಗ ಅವರಿಗೆ ನಲವತ್ತನಾಲ್ಕು. ನಿಮ್ಮಣ್ಣ ಯಂಕೋಬ ಭಾವನಿಗೆ ನಲವತ್ತೆರಡು. ದಣಿಯದವರೆಲ್ಲ ಇಷ್ಟು ಬೇಗ ಯಾಕೆ ಹೋದರು ಎಂದು ನಿಮ್ಮ ಮನೆಯಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲ. ಕೇಳುವ ಬದಲು ಹಬ್ಬ ಬಂದರೆ ಗಂಟಿಗೆ ಅರಿಶಿನ ಹಚ್ಚುತ್ತಿದ್ದಿರಿ.

ಆ ಗಂಟು ಬೇರೇನೂ ಅಲ್ಲ, ಕೊಲೆಸ್ಟ್ರಾಲ್. ರಕ್ತದಲ್ಲಿ ಹಿಡಿಸಲಾರದಷ್ಟಾಗಿ ಹಿಮ್ಮಡಿಯ ಸ್ನಾಯುರಜ್ಜಿನಲ್ಲಿ ಸೇರಿಕೊಂಡದ್ದು. ನೀವು ಅರಿಶಿನ ಹಚ್ಚಿದ್ದು ಅದಕ್ಕೆ.

ಭಾವ ತೀರಿಕೊಂಡಾಗ ನೀವೂ ಅತ್ತೆಯೂ ಸೇರಿ, ನನ್ನ ಅಡುಗೆಯ ಎಣ್ಣೆಯೇ ಅವರನ್ನು ತಿಂದಿತು ಎಂದಿರಿ. ನಾನು ತಿರುಗಿ ಒಂದು ಮಾತೂ ಆಡದೆ ನಂದಿನಿಯನ್ನು ಕರೆದುಕೊಂಡು ಸಿಂಧನೂರಿಗೆ ಬಂದೆ. ಅಲ್ಲಿಂದೀಚೆಗೆ ಎರಡು ವರ್ಷ ನಿಮಗೆ ಅತ್ತೆಯ ಕೈಯ ಒಣರೊಟ್ಟಿ, ಬೇಯಿಸಿದ ಪಲ್ಯ, ಬೆಳಗ್ಗೆ ಎದ್ದರೆ ಬೆಳ್ಳುಳ್ಳಿ ಕಷಾಯ. ಆಮೇಲೆ ಲಿಂಗಸುಗೂರಿನಲ್ಲಿ ಪರೀಕ್ಷೆ ಮಾಡಿಸಿದರೆ, ಇನ್ನೂರರೊಳಗೆ ಇರಬೇಕಾದ ಕೊಲೆಸ್ಟ್ರಾಲ್ ಬಂದದ್ದು ಮುನ್ನೂರ ನಲವತ್ತೆಂಟು. ನಾನೂ ಇರಲಿಲ್ಲ, ನನ್ನ ಎಣ್ಣೆಯೂ ಇರಲಿಲ್ಲ. ಪದವೀಧರರಲ್ಲವೇ ನೀವು, ಆಗಲಾದರೂ ಯೋಚಿಸಬಹುದಿತ್ತು.

ನಿಮ್ಮ ಕಚೇರಿಯ ಸುತ್ತೋಲೆಗಿಂತ ಸುಲಭ ಮಾಡಿ ಬರೆಯುತ್ತೇನೆ, ಓದಿ. ಕೊಲೆಸ್ಟ್ರಾಲ್ ಹೆಚ್ಚಿನಂಶ ತಯಾರಾಗುವುದು ಬಾಣಲೆಯಲ್ಲಲ್ಲ, ನಮ್ಮದೇ ಯಕೃತ್ತಿನಲ್ಲಿ. ಅಲ್ಲಿ ಒಂದು ಕಿಣ್ವಕ್ಕೆ ಅದೇ ಕೆಲಸ. ನೀವು ಉಪವಾಸ ಮಾಡಿದರೂ ಅದು ರಜೆ ಹಾಕುವುದಿಲ್ಲ. ರಕ್ತದಲ್ಲಿ ತಿರುಗುವ ಕೊಲೆಸ್ಟ್ರಾಲನ್ನು ಒಳಗೆಳೆದುಕೊಳ್ಳಲು ಯಕೃತ್ತಿನ ಮೈಮೇಲೆ ಕೊಕ್ಕೆಗಳಿರುತ್ತವೆ. ನಿಮ್ಮ ಮನೆಯವರಿಗೆ ಹುಟ್ಟಿನಿಂದಲೇ ಅವು ಅರ್ಧಕ್ಕರ್ಧ ಕೆಟ್ಟಿವೆ. ಹಾಗಾಗಿ ರಕ್ತದಲ್ಲಿ ಉಳಿದದ್ದು ಹೃದಯದ ನಾಳಗಳಲ್ಲಿ ಕೂಡುತ್ತಾ ಹೋಗುತ್ತದೆ. ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಒಳಗೆ ತಯಾರಿ ಕಡಿಮೆಯಾದರೆ ಯಕೃತ್ತು ಇನ್ನಷ್ಟು ಕೊಕ್ಕೆ ಹಾಕಿ ರಕ್ತದಿಂದಲೇ ಎಳೆದುಕೊಳ್ಳುತ್ತದೆ. ಬೆಳ್ಳುಳ್ಳಿಗೆ ಇದೆಲ್ಲ ಆಗದ ಕೆಲಸ. ನೀವು ಮೂರು ತಿಂಗಳು ಮಾತ್ರೆ ನುಂಗಿ, ಅಂಕಿ ಇಳಿದ ಕೂಡಲೇ ವಾಸಿಯಾಯಿತೆಂದು ಬಿಟ್ಟಿರಿ. ಇಂಥ ಬುದ್ಧಿಗೆ ಏನೆನ್ನಬೇಕೋ ನನಗೆ ತಿಳಿಯದು.

ನಿಮ್ಮ ಪಾಡಿಗೆ ನೀವು ಹೇಗಾದರೂ ಇರಿ. ಆದರೆ ನಂದಿನಿಗೆ ಕೆಟ್ಟ ಕೊಲೆಸ್ಟ್ರಾಲ್ ಒಂದೇ ಇನ್ನೂರ ಅರವತ್ತೆಂಟು ಇದೆ. ಕಡ್ಡಿಯಂಥ ಹುಡುಗಿ, ಕರಿದದ್ದನ್ನು ಮುಟ್ಟುವುದಿಲ್ಲ. ಅವಳ ಹಿಮ್ಮಡಿಯ ಸ್ನಾಯುರಜ್ಜೂ ದಪ್ಪಗಾಗುತ್ತಿದೆ. ಅತ್ತೆ ಅದನ್ನು ಕಂಡು ಓಣಿಗೆಲ್ಲ ಸಕ್ಕರೆ ಹಂಚಿದರಂತೆ. ಈಗಿನಿಂದಲೇ ಮಾತ್ರೆ ನುಂಗಿದರೆ ಎಲ್ಲರಂತೆ ಬಾಳುತ್ತಾಳೆ ಎಂದು ಡಾಕ್ಟರ್ ಅಜೀಮ್ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಹೊಸ ಡಬ್ಬಿ ತಂದಿದ್ದೇನೆ. ಬೈದೆ, ಬೇಡಿಕೊಂಡೆ, ನಿನ್ನೆ ಹೊಡೆದೂ ಬಿಟ್ಟೆ. ಅವಳದು ಒಂದೇ ಮಾತು: "ಅಪ್ಪ ನುಂಗೂದಿಲ್ಲ, ನಾ ಯಾಕ ನುಂಗ್ಲಿ? ಅಪ್ಪಗ ಏನಾಗ್ಯಾದ?"

ಹದಿನಾಲ್ಕು ವರ್ಷದಲ್ಲಿ ನಿಮ್ಮಿಂದ ನನಗೆ ಏನೂ ಬೇಕಾಗಿರಲಿಲ್ಲ. ಇಂದು ಬೇಕಾಗಿದೆ, ಬರೆಯಲು ಕೈ ಉರಿಯುತ್ತಿದೆ. ಈ ಭಾನುವಾರ ಸಿಂಧನೂರಿಗೆ ಬನ್ನಿ. ಅವಳ ಕಣ್ಣೆದುರು ನಿಮ್ಮ ಮಾತ್ರೆ ನುಂಗಿ. ಒಂದು ದಿನ ಅಲ್ಲ, ದಿನಾಲೂ ನುಂಗಿ ಫೋನಿನಲ್ಲಿ ಅವಳಿಗೆ ತೋರಿಸಿ. ಅವಳು ನಂಬುವುದು ನಿಮ್ಮನ್ನು, ಏನು ಕಂಡು ನಂಬಿದ್ದಾಳೋ. ತಾಯಿಯ ಅಪ್ಪಣೆ ಬೇಕಿದ್ದರೆ ಕೇಳಿಕೊಂಡೇ ಬನ್ನಿ, ಆದರೆ ಬನ್ನಿ.

ಇತಿ,
ಸುರೇಖಾ

ತಾ.ಕ.: ಇಲ್ಲಿಗೇ ನಿಲ್ಲಿಸಿ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಯಂಕೋಬ ಭಾವ ತೀರಿಕೊಳ್ಳುವ ಏಳು ತಿಂಗಳ ಮೊದಲು ನನ್ನ ಲ್ಯಾಬಿಗೆ ಬಂದಿದ್ದರು. ಅವರ ರಕ್ತ ತೆಗೆದವಳು ನಾನೇ. ಅಂಕಿ ಮುನ್ನೂರ ತೊಂಬತ್ತು. "ಅವ್ವಗ ಹೇಳಬ್ಯಾಡ ತಂಗಿ, ಮನಿತನದ ಗುರುತಿಗೆ ರೋಗ ಅಂದ್ರ ಆಕಿ ತಡಕೊಳ್ಳೂದಿಲ್ಲ" ಎಂದರು. ಅಂದು ಬೆಳಗ್ಗೆ ಅತ್ತೆಗೂ ನನಗೂ ಜಗಳವಾಗಿತ್ತು. ಇವರ ಮನೆತನದ ಜಂಬವನ್ನು ಇವರೇ ಉಣ್ಣಲಿ ಎಂದುಕೊಂಡು ನಿಮಗೂ ಹೇಳಲಿಲ್ಲ. ಮಾತ್ರೆ ತೆಗೆದುಕೊಂಡಿರಾ ಎಂದು ಅವರನ್ನು ಮತ್ತೆ ಕೇಳಲೂ ಇಲ್ಲ. ನನ್ನ ಎಣ್ಣೆ ಭಾವನನ್ನು ಕೊಂದಿತು ಎಂದು ನೀವು ಕೂಗಾಡಿದ ದಿನ ನಾನು ತಿರುಗಿ ಮಾತಾಡದೆ ಮನೆ ಬಿಟ್ಟದ್ದು ಅದಕ್ಕೇ.